ಬುಧವಾರದ ಒಪ್ಪತ್ತು

2020 ಮಾರ್ಚ್ 30, ಸೋಮವಾರ. ಕೊಚ್ಚಿ

ಇವತ್ತು ಒಪ್ಪತ್ತು. ಬೆಳಿಗ್ಗೆ ಮಿಂದು, ವಿಭೂತಿ ಧರಿಸಿ, ಅಡುಗೆಮನೆಯ ಗೂಡಿನಲ್ಲಿಟ್ಟ ಮನೆದೇವರು ಮಾದಪ್ಪನ ಪಟಕ್ಕೆ ನಂದಿಬಟ್ಟಲು ಹೂ ಏರಿಸಿದೆ. ಆಮೇಲೆ ಹಾಲು ಕಾಯಿಸಿ, ಬಾಲ್ಕನಿ ಗುಡಿಸಿ, ನಾನು ಕೆಲಸಕ್ಕಿರುವ ಮನೆಯ ಕಿಶೋರ್ ಸಾರಿಗೆ ಉಪ್ಪಿಟ್ಟು, ಅವರ ಮಗಳು ಮಹತಿಗೆ ದೋಸೆ ಮಾಡಿದೆ. ನನಗೆ ಸಂಜೆ ದೀಪ ಹಚ್ಚಿದ ಮೇಲೆಯೇ ಊಟ. ಹಗಲು ಒಂದು ಲೋಟ ನೀರುಮಜ್ಜಿಗೆ ಸಾಕು. ಮದುವೆಯಾದಾಗಿನಿಂದ ಸೋಮವಾರ ತಪ್ಪಿಸಿದವಳಲ್ಲ.

ಎಲ್ಲ ಮುಚ್ಚಿದ ಮೇಲೆ ಕಲೂರಿನ ಈ ರಸ್ತೆಯಲ್ಲಿ ಬಸ್ಸಿನ ಸದ್ದಿಲ್ಲ. ಮೇಲೆ ಓಡುತ್ತಿದ್ದ ಮೆಟ್ರೋ ರೈಲೂ ಇಲ್ಲ. ಪೊಲೀಸ್ ಜೀಪು ಬಂದರೆ ಮಹತಿ ಪರದೆಯ ಹಿಂದೆ ಸೇರಿಕೊಳ್ಳುತ್ತಾಳೆ. ಪಾಪ, ಅವಳಮ್ಮ ಕೃಪಾ ಮೇಡಂ ತಿರುವನಂತಪುರದಲ್ಲೇ ಸಿಕ್ಕಿಬಿದ್ದಿದ್ದಾರೆ. ಅಲ್ಲಿ ಅವರಿಗೆ ಸೆಂಟ್ರಲ್ ಗೌರ್ನಮೆಂಟಿನ ಕೆಲಸ. ವಾರಕ್ಕೊಮ್ಮೆ ಬಂದು ಹೋಗುತ್ತಿದ್ದರು. ಕಿಶೋರ್ ಸಾರು ಮಾತ್ರ ಬಾಯಿಗೆ ಬಟ್ಟೆ ಕಟ್ಟಿಕೊಂಡು ಬ್ಯಾಂಕಿಗೆ ಹೋಗುತ್ತಾರೆ. ಅವರು ಬಂದು ಚಪ್ಪಲಿ ಬಿಟ್ಟ ಜಾಗಕ್ಕೆಲ್ಲ ನಾನು ನೀರು ಹಾಕುತ್ತೇನೆ.

ಆದರೆ ನನ್ನ ಹೆದರಿಕೆ ಇಲ್ಲಿಯದಲ್ಲ, ಊರಿನದು. ಗುಂಡ್ಲುಪೇಟೆ ಆಚೆ ಸಿದ್ದಯ್ಯನಹುಂಡಿಯ ಮನೆಯಲ್ಲಿ ಸೊಸೆ ಇಂದುಮತಿ, ಆರು ವರ್ಷದ ಮೊಮ್ಮಗಳು ಜೀವಿತಾ ಇಬ್ಬರೇ. ಮಗ ಗಣಪತಿ ಮೆಣಸು ಕೊಯ್ಯಲು ಕೊಡಗಿನ ತೋಟಕ್ಕೆ ಹೋದವನು ಅಲ್ಲೇ ಕೂಲಿಯಾಳುಗಳ ಲೈನ್‌ಮನೆಯಲ್ಲಿ ಉಳಿದಿದ್ದಾನೆ. ಅವನ ಫೋನು ಹತ್ತುವುದಿಲ್ಲ. ಎರಡು ತಿಂಗಳಿಗೊಮ್ಮೆ ನಾನು ಸಂಬಳವನ್ನು ಸೊಂಟಕ್ಕೆ ಕಟ್ಟಿಕೊಂಡು ಬಸ್ಸಿನಲ್ಲಿ ಹೋಗಿ ಕೊಟ್ಟು ಬರುತ್ತಿದ್ದೆ. ಇಂದುವಿಗೆ ಬ್ಯಾಂಕ್ ಖಾತೆ ಇಲ್ಲ, ಈಗ ಬಸ್ಸೂ ಇಲ್ಲ, ಗಡಿಯನ್ನೂ ಮುಚ್ಚಿದ್ದಾರೆ. ಇಂದುವಿಗೆ ಟೊಮೊಟೊ, ಬೀಟ್‌ರೂಟ್ ಹೊಲಗಳಲ್ಲಿ ಕೂಲಿ ಇದ್ದೇ ಇರುತ್ತದೆ ಅಂತ ಧೈರ್ಯ ತಂದುಕೊಂಡಿದ್ದೇನೆ.

ಸಂಜೆ ಇಂದುವಿಗೆ ಫೋನ್ ಮಾಡಿದೆ.

"ಉಂಡ್ಯಾ ಇಂದು?"

"ಇವತ್ತು ಸೋಮ್ವಾರ ಅಲ್ವಾ ಅತ್ತೆ. ಒಪ್ಪತ್ತು ಮಾಡ್ತಾವ್ನಿ."

ನನ್ನ ಕಿವಿಯನ್ನೇ ನಂಬಲಿಲ್ಲ. ಶಿವರಾತ್ರಿ ದಿನವೇ ರಾಗಿಹಿಟ್ಟಿನ ಮುದ್ದೆ ಉಂಡು, "ದೇವ್ರೇನ್ ನನ್ ಹೊಟ್ಟೆ ಕಾಯ್ಕಂಡ್ ಕೂತಿದ್ದನಾ?" ಅಂದವಳು ಇವಳು. ಅವತ್ತು ನಾನು ಬಾಯಿಗೆ ಬಂದಂತೆ ಬೈದು, ಮಾತು ಬಿಟ್ಟು, ಹಾಗೇ ಬಸ್ಸು ಹತ್ತಿದ್ದೆ. ಈ ಕಾಯಿಲೆ ಅವಳಿಗೂ ದೇವರ ಭಯ ಕಲಿಸಿತು ನೋಡು. ಎಲ್ಲ ಮಾದಪ್ಪನ ದಯೆ.

ಏಪ್ರಿಲ್ 4, ಶನಿವಾರ

ನಮ್ಮ ಇಂದುಮತಿ ಶನಿವಾರವನ್ನೂ ಹಿಡಿದಿದ್ದಾಳೆ! "ಹಿಡಿದ ಮೇಲೆ ಬಿಡಬಾರದು ಕಣವ್ವ, ಗಣಪತಿ ಕ್ಷೇಮವಾಗಿ ಬರೋವರ್ಗೂ ನಡೆಸು" ಅಂದೆ. "ಹೂಂ ಅತ್ತೆ" ಅಂದಳು. ಎದುರು ಮಾತಿಲ್ಲ, ಕೊಂಕಿಲ್ಲ. ಧ್ವನಿಯೂ ತಗ್ಗಿದೆ. ಹಸಿದ ಬಾಯಲ್ಲಿ ಹಾಗೇ, ಮಾತು ಮೆತ್ತಗಾಗುತ್ತದೆ.

"ರೇಶನ್ ಕೊಟ್ರಾ?" ಅಂತಲೂ ಕೇಳಿದೆ.

"ಕೊಡ್ತವ್ರೆ ಅತ್ತೆ. ಅಕ್ಕಿ ಪುಕ್ಕಟೆಯಂತೆ."

ಸದ್ಯ. ಅಕ್ಕಿಯೊಂದು ಮನೆಗೆ ಬಂದರೆ ಮಿಕ್ಕಿದ್ದು ಹೇಗೋ ಆಗುತ್ತದೆ. ಇಲ್ಲಿಯೂ ಹಾಗೇ. ತರಕಾರಿ ಅಂಗಡಿಯ ಸುಮಯ್ಯಾ ಹೇಳುತ್ತಿದ್ದಳು, ಕೂಲಿಯವರ ಮನೆ ಬಾಗಿಲಿಗೆ ಪೊಟ್ಟಣದಲ್ಲಿ ಅನ್ನ ತಂದು ಕೊಡುತ್ತಾರಂತೆ. "ಪೇಡಿಕ್ಕೇಂಡ ಚೇಚ್ಚಿ" ಅಂತಾಳೆ ದಿನಾ, ಹೆದರಬೇಡ ಅಕ್ಕಾ ಅಂತ. ಅವಳ ಮೂಗಿನ ಮೇಲಿನ ಬಟ್ಟೆ ಯಾವಾಗಲೂ ಜಾರಿರುತ್ತದೆ. ನಾನು ಹೆದರುವುದು ಅದಕ್ಕೇ.

ಏಪ್ರಿಲ್ 11, ಶನಿವಾರ

ಇವತ್ತು ಒಂದು ಅತಿಶಯ. ಸುಮಯ್ಯಾಳ ಅಂಗಡಿ ಮುಂದೆ ಸಣ್ಣ ಲಾರಿ ನಿಂತಿತ್ತು. ಡ್ರೈವರ್ ಕೋಸಿನ ಮೂಟೆ ಇಳಿಸುತ್ತಾ ತನ್ನಷ್ಟಕ್ಕೆ ಬೈದುಕೊಳ್ಳುತ್ತಿದ್ದ. ಬೈಗುಳ ಅಚ್ಚ ನಮ್ಮ ಕಡೆಯದು! ನನಗೆ ಕಣ್ಣಲ್ಲಿ ನೀರೇ ಬಂತು.

"ಯಾವೂರಪ್ಪಾ ನಿಂದು?" ಅಂದೆ.

ಅವನು ಮೂಟೆ ಕೆಳಗಿಟ್ಟು ನೋಡಿದ. "ಬೇಗೂರು ಕಣವ್ವ. ಜಯಣ್ಣ ಅಂತ. ನೀನ್ಯಾಕವ್ವ ಈ ಮೀನಿನ್ ದೇಸ್ದಲ್ಲಿ ಸಿಕ್ಕಾಕ್ಕೊಂಡೆ?"

"ನೀನ್ಯಾಕೆ ಸಿಕ್ಕಾಕ್ಕೊಂಡಿಯೋ ಅದಕ್ಕೇ. ಹೊಟ್ಟೆಪಾಡು."

"ನಾನು ಬಂದು ಹೋಗೋನು. ನೀನು ಒಗ್ಗಿ ಹೋಗಿದ್ದಿ. ಮೀನು ತಿಂತೀಯಾ ಈಗ?"

"ಥೂ, ನಿನ್ ಬಾಯಿಗಿಷ್ಟು. ಮಾದಪ್ಪನ ಒಕ್ಕಲು ನಾವು!"

ಅವನು ನಕ್ಕ, ಕೆಮ್ಮಿದ. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಊರಿನ ಕಡೆ ಹೇಗಿದೆ ಅಂತ ಕೇಳಿದ್ದೇ ತಪ್ಪಾಯಿತೋ ಏನೋ. ಟೊಮೊಟೊ ಕೇಳುವವರಿಲ್ಲವಂತೆ. ಹೊಲದವರು ದನ ಬಿಟ್ಟು ಮೇಯಿಸುತ್ತಿದ್ದಾರಂತೆ. ಅವನ ಗಾಡಿಯೇ ಅರ್ಧ ಖಾಲಿ.

"ಹಂಗಾದ್ರೆ ಕುಯ್ಯೋ ಆಳುಗಳ ಕತೆ?"

"ಕುಯ್ಯಕ್ಕೇ ಕರೀದೇ ಇದ್ರೆ ಯಾವ್ ಆಳವ್ವ? ಎಲ್ಲ ಜಗಲಿ ಮೇಲೆ ಕೂತವ್ರೆ."

ಇಂದುಮತಿ ನನಗೆ ಇದನ್ನು ಹೇಳಿಲ್ಲ. ನಾನು ಗಾಬರಿ ಬೀಳುತ್ತೇನೆ ಅಂತ ಇರಬೇಕು. ಜಯಣ್ಣನ ನಂಬರ್ ಬರೆದುಕೊಂಡೆ, ಊರಿನವನು ಒಬ್ಬ ಇರಲಿ ಅಂತ. ಒಂದು ಬೀಟ್‌ರೂಟಿಗೆ ಕೆಂಪು ಮಣ್ಣು ಇನ್ನೂ ಅಂಟಿತ್ತು. ತೊಳೆಯಲು ಮನಸ್ಸು ಬರಲಿಲ್ಲ. ಅಕ್ಕಿ ಇದೆಯಲ್ಲ, ವ್ರತ ಇದೆಯಲ್ಲ, ಕೈ ಬಿಡುವುದಿಲ್ಲ ಮಾದಪ್ಪ.

ಏಪ್ರಿಲ್ 20, ಸೋಮವಾರ

ಒಪ್ಪತ್ತು. ನೆಲ ಒರೆಸಿ, ಮಹತಿಯ ತಲೆಗೆ ಎಣ್ಣೆ ಹಚ್ಚಿ ಸ್ನಾನ ಮಾಡಿಸಿದೆ. ಈ ಹುಡುಗಿಗೆ ಊಟ ಮಾಡಿಸುವುದೇ ದೊಡ್ಡ ಕೆಲಸ. ನಾನು ಕನ್ನಡದಲ್ಲಿ ಕರೆದರೆ ಅವಳು ಮಲೆಯಾಳದಲ್ಲಿ "ವೇಂಡ" ಅಂತಾಳೆ. ಬೇಡ, ಬೇಡ, ಬೇಡ. ತುಪ್ಪ ಹಾಕಿ ಕಲಸಿದ ಅನ್ನವನ್ನು ಕೊನೆಗೆ ಕಾಗೆಗೆ ಇಟ್ಟೆ.

ಸಂಜೆ ಫೋನಿನಲ್ಲಿ ಜೀವಿತಾ ಸಿಕ್ಕಿದಳು.

"ಅಜ್ಜೀ, ನಾನೂ ಒಪ್ಪತ್ತು!"

"ನೀನಾ? ಯಾರ್ ಹೇಳಿದ್ರವ್ವ ಮಾಡು ಅಂತ?"

"ಅವ್ವ. ನಾನು ದೊಡ್ಡೋಳಾದ್ನಂತೆ. ಅಜ್ಜಿ ತರ ಭಕ್ತಿ ಬಂತಂತೆ."

ಮನೆ ತುಂಬ ಮಾದಪ್ಪನೇ ಬಂದು ಕೂತಂತೆ ಆಯಿತು. ಆದರೂ ಇಂದುವನ್ನು ಕರೆದು, "ಎಳೆ ಮಗು ಕಣೆ, ಒಂದ್ ಲೋಟ ಹಾಲಾದ್ರೂ ಕೊಡು, ದೋಷ ಇಲ್ಲ" ಅಂದೆ. ಫೋನಿನಲ್ಲಿ ಉಸಿರು ಮಾತ್ರ ಕೇಳಿಸುತ್ತಿತ್ತು. ಆಮೇಲೆ "ಹೂಂ" ಅಂದಳು.

ಕಿಶೋರ್ ಸಾರಿಗೆ ಹೇಳಿದೆ. ಅವರು ನಕ್ಕರು. "ಪುಟ್ಟಮ್ಮಣ್ಣೀ, ನಿಮ್ಮ ಮನೆ ಈಗ ಮಠ ಆಗೋಯ್ತು ಬಿಡಿ. ನೀವು ಊರಿಗೆ ಹೋದ್ರೆ ಕಾಲಿಗೆ ಬೀಳ್ಬೇಕು ಅವರಿಗೆ." ನಾನೂ ನಕ್ಕೆ. ನಕ್ಕ ಮೇಲೆ ಯಾಕೋ ಬಾಲ್ಕನಿಗೆ ಹೋಗಿ, ಕಾಗೆಗೆ ಇಟ್ಟ ಅನ್ನ ಮುಗಿದಿದೆಯಾ ಅಂತ ನೋಡಿ ಬಂದೆ.

ಏಪ್ರಿಲ್ 23

ಅಮಾವಾಸ್ಯೆ. ಪೂರ್ತಿ ಉಪವಾಸ. ಇಂದುವಿನ ಫೋನು ಹತ್ತಲಿಲ್ಲ. ಮತ್ತೆ ಮತ್ತೆ ಮಾಡಿದೆ. ಕಾಯಿಲೆ ಬಂತೋ? ಮಾದಪ್ಪಾ.

ಏಪ್ರಿಲ್ 24

ಸಿಕ್ಕಿದಳು. ಫೋನಿನ ಕರೆನ್ಸಿ ಮುಗಿದು, ಒಳಗೆ ಬರುವ ಕರೆಯೂ ನಿಂತಿತ್ತಂತೆ. "ಜ್ವರ ಇದ್ಯಾ? ಕೆಮ್ಮು ಇದ್ಯಾ?" ಅಂತ ಕೇಳಿದ್ದೇ ಕೇಳಿದ್ದು. ಎರಡೂ ಇಲ್ಲ. ಹಾಗಾದರೆ ಸರಿ.

ಏಪ್ರಿಲ್ 29, ಬುಧವಾರ

ಕಿಶೋರ್ ಸಾರು ಜಿಲ್ಲೆ ದಾಟುವ ಪಾಸಿಗೆ ಹಾಕಿದ್ದಾರಂತೆ, ಬ್ಯಾಂಕಿನವರು ಅಲ್ಲಿಂದಲೇ ಕೆಲಸ ಮಾಡಲು ಒಪ್ಪಿದ್ದಾರಂತೆ. ಸಿಕ್ಕಿದ ಕೂಡಲೇ ಮಗುವನ್ನೂ ನನ್ನನ್ನೂ ಕರೆದುಕೊಂಡು ತಿರುವನಂತಪುರಕ್ಕೆ. ಕೃಪಾ ಮೇಡಂ ಅಲ್ಲಿ ದಿನಾ ಅಳುತ್ತಾರೆ, ಮಗು ಇಲ್ಲಿ ಅಳುತ್ತದೆ, ಅವರದೂ ನ್ಯಾಯವೇ. ಆದರೆ ನನಗೆ ಹೋಗಲು ಮನಸ್ಸಿಲ್ಲ. ತಿರುವನಂತಪುರ ಅಂದರೆ ಊರಿನಿಂದ ಇನ್ನೂ ಅಷ್ಟು ಕೆಳಕ್ಕೆ. ಕಲೂರಿಗಾದರೆ ನಮ್ಮ ಮಣ್ಣು ಮೆತ್ತಿದ ತರಕಾರಿ ಬರುತ್ತದೆ. ಅಲ್ಲಿಗೆ ಎಲ್ಲ ತಮಿಳುನಾಡಿನದಂತೆ.

"ನನ್ನನ್ನ ಇಲ್ಲೇ ಬಿಟ್ಟು ಹೋಗಿ ಸಾರ್" ಅಂದೆ. "ಗಡಿ ತೆಗೆದ ಕೂಡ್ಲೆ ಊರಿಗೆ ಹೋಗ್ತೀನಿ."

"ಗಡಿ ಯಾವಾಗ ತೆಗೀತಾರೋ ಯಾರಿಗೆ ಗೊತ್ತು? ಒಬ್ಬರೇ ಇದ್ದು ಏನಾದ್ರೂ ಆದ್ರೆ?"

ಏನಾದರೂ ಆದರೆ! ನಾನು ಇಲ್ಲಿ ಸತ್ತರೆ ನನ್ನನ್ನು ಯಾರು ಮಣ್ಣು ಮಾಡುತ್ತಾರೆ, ಇಂದುವಿಗೆ ಯಾರು ಹೇಳುತ್ತಾರೆ ಅಂತ ರಾತ್ರಿಯೆಲ್ಲ ಯೋಚನೆ. ಸುಮ್ಮನೆ ಬಟ್ಟೆ ಮಡಿಸಿಟ್ಟೆ.

ಮೇ 7, ಗುರುವಾರ. ತಿರುವನಂತಪುರ

ನಿನ್ನೆ ಬಂದು ಸೇರಿದೆವು. ದಾರಿಯುದ್ದಕ್ಕೂ ತಡೆದು ತಡೆದು ಹಣೆಗೆ ಯಂತ್ರ ಹಿಡಿದರು. ನನ್ನ ಹಣೆಗೆ ಹಿಡಿದಾಗ ಪ್ರಾಣ ಹೋಗಿ ಬಂತು. ಕೃಪಾ ಮೇಡಂ ಮಗಳನ್ನು ಮುಟ್ಟಲೋ ಬೇಡವೋ ಅಂತ ಬಾಗಿಲಲ್ಲೇ ನಿಂತಿದ್ದರು. ಮಗುವೇ ಓಡಿ ಹೋಗಿ ಸೊಂಟ ಹಿಡಿಯಿತು. ನೋಡಲಾರದೆ ಅಡುಗೆಮನೆಗೆ ಹೋದೆ.

ಸಣ್ಣ ಕ್ವಾರ್ಟರ್ಸು. ಮಾದಪ್ಪನ ಪಟಕ್ಕೆ ಇನ್ನೂ ಜಾಗ ನೋಡಿಲ್ಲ, ಬ್ಯಾಗಿನಲ್ಲೇ ಇದ್ದಾನೆ.

ಇಂದುವಿಗೆ ತಲುಪಿದೆ ಅಂತ ಹೇಳಿದೆ. "ದೂರಾನಾ ಅತ್ತೆ ಅದು?" ಅಂತ ಕೇಳಿದಳು. "ಸಮುದ್ರದ ತುದಿ" ಅಂದೆ. "ಹಂಗಾದ್ರೆ ಈಗ್ಲೇ ಬರಾಕಾಗಲ್ಲ ನೀವು" ಅಂದಳು. ಮದುವೆಯಾಗಿ ಏಳು ವರ್ಷದಲ್ಲಿ ನನ್ನನ್ನು ಬಾ ಅಂತ ಕಾದವಳಲ್ಲ ಅವಳು.

ಮೇ 13, ಬುಧವಾರ

ಇವತ್ತಿನದನ್ನು ಬರೆದೇ ಇಡುತ್ತೇನೆ.

ಮಧ್ಯಾಹ್ನ ಫೋನ್ ಮಾಡಿ ರೂಢಿಯಂತೆ "ಉಂಡ್ಯಾ?" ಅಂದೆ. "ಒಪ್ಪತ್ತು ಅತ್ತೆ" ಅಂದಳು. "ಒಳ್ಳೇದಾಗ್ಲಿ ಕಣವ್ವ" ಅಂದು ಇಟ್ಟೆ. ಅಕ್ಕಿ ತೊಳೆದು, ನೀರು ಚೆಲ್ಲಲು ಪಾತ್ರೆ ಬಗ್ಗಿಸಿದವಳು ಹಾಗೇ ನಿಂತುಬಿಟ್ಟೆ. ಇವತ್ತು ಬುಧವಾರ. ಬುಧವಾರ ಯಾವ ದೇವರ ಒಪ್ಪತ್ತು? ಸೋಮವಾರ ಮಾದಪ್ಪನದು. ಶನಿವಾರ ಸರಿ. ಬುಧವಾರಕ್ಕೆ ನಮ್ಮ ಕಡೆ ಯಾವ ಕಟ್ಟಳೆಯೂ ಇಲ್ಲ.

ಮತ್ತೆ ಫೋನ್ ಮಾಡಿದೆ. ಜೀವಿತಾ ಎತ್ತಿದಳು.

"ಕೂಸೇ, ಇವತ್ಯಾವ ವಾರ?"

"ಗೊತ್ತಿಲ್ಲ ಅಜ್ಜಿ."

"ಮತ್ತೆ ಒಪ್ಪತ್ತು ಅಂತ ಹೆಂಗ್ ಗೊತ್ತಾಯ್ತದೆ ನಿಮ್ಗೆ?"

"ನಮ್ಮನೇಲಿ ದಿನಾ ಒಪ್ಪತ್ತು."

"ಬೈಗೆ ಏನುಣ್ತೀರಿ?"

"ಗಂಜಿ. ಮೊನ್ನೆ ಪಕ್ಕದ್ಮನೆ ಅವ್ವ ರಾಗಿಹಿಟ್ಟು ಕೊಟ್ಟಿತ್ತು, ಹಿಟ್ಟು ಉಂಡೋ. ನಿನ್ನೆ ಅವ್ವ ಸೊಪ್ಪು ಕಿತ್ಕಂಡ್ ಬಂದಿತ್ತು. ಅಜ್ಜೀ, ಸ್ಕೂಲ್ ಯಾವಾಗ ತೆಗೀತಾರೆ? ಅಲ್ಲಿ ಅನ್ನ ಸಾರು ಕೊಡ್ತಾರೆ."

ಇಂದು ಫೋನ್ ಕಿತ್ತುಕೊಂಡಳು. ನಾನು ಏನೇನು ಅಂದೆನೋ ನೆನಪಿಲ್ಲ.

"ರೇಶನ್ ಕೊಡ್ತವ್ರೆ ಅಂದ್ಯಲ್ಲೇ!"

"ಕೊಡ್ತವ್ರೆ ಅತ್ತೆ. ನಮ್ಗೆ ಕೊಟ್ಟಿಲ್ಲ. ಕಾರ್ಡಲ್ಲಿ ನಿಮ್ ಹೆಸ್ರು, ನಿಮ್ ಮಗನ್ ಹೆಸ್ರು ಇರೋದು. ನಂದು ತವರ್ಮನೆ ಕಾರ್ಡಲ್ಲೇ ಅದೆ. ನಿಮ್ಮಿಬ್ರಲ್ಲಿ ಒಬ್ರು ಹೆಬ್ಬೆಟ್ಟು ಒತ್ತಬೇಕಂತೆ. ಎರಡು ದಪ ಹೋದೆ, ಅಂಗಡಿಯೋನು ಸಾಲಿನಿಂದ ಆಚೆ ನಿಲ್ಸ್ದ."

"ಯಾರನ್ನಾದ್ರೂ ಕೇಳ್ಬಾರ್ದಿತ್ತಾ?"

"ಯಾರನ್ನ ಕೇಳ್ಲಿ? ಎಲ್ರ ಮನೇಲೂ ಮಡಕೆ ತಳ ಕಾಣ್ತಾ ಅದೆ. ಪಕ್ಕದ್ಮನೆಯೋರು ಕೊಟ್ಟಿದ್ದೇ ಅವ್ರ ಮಕ್ಕಳ್ದು."

"ನಂಗ್ಯಾಕೆ ಹೇಳ್ಲಿಲ್ಲ ಇಂದು?"

"ಒಪ್ಪತ್ತು ಅಂದ್ರೆ ನೀವು ಎಷ್ಟ್ ಸಂತೋಸ ಪಡ್ತಿದ್ರಿ ಅತ್ತೆ. ಹಸಿವು ಅಂದಿದ್ರೆ ಅಷ್ಟು ದೂರ ಕೂತ್ಕಂಡು ಏನ್ ಮಾಡಾಕಾಯ್ತಿತ್ತು? ನೀವೂ ಉಣ್ಣದು ಬಿಡ್ತಿದ್ರಿ, ಅಷ್ಟೆ."

ಅಳುತ್ತಿರಲಿಲ್ಲ ಅವಳು. ಅದೇ ನನಗೆ ಹೆದರಿಕೆ. ಜಗಳಗಂಟಿ, ಜೋರು ಬಾಯಿ. ಆ ಬಾಯಿ ಎಲ್ಲಿ ಹೋಯಿತು? ಇನ್ನೂ ಏನೋ ಹೇಳುತ್ತಿದ್ದಳು, ಫೋನು ಕಡಿದು ಹೋಯಿತು. ಆಮೇಲೆ ಹತ್ತಲೇ ಇಲ್ಲ.

ನಡೆಸು, ಬಿಡಬೇಡ ಅಂದವಳು ನಾನು. ಮಗುವಿಗೆ ಹಾಲು ಕೊಡು ಅಂದೆನಲ್ಲ, ಯಾವ ಹಾಲು? ನಮ್ಮ ಮನೆಯಲ್ಲಿ ಹಸುವಿದೆಯೇ? ನನ್ನ ಹೆಬ್ಬೆರಳು ನೋಡಿಕೊಂಡೆ. ಇಲ್ಲಿ ಕೂತು ಇನ್ನೊಬ್ಬರ ಮಗುವಿಗೆ ತುಪ್ಪದ ಅನ್ನ ಕಲಸುತ್ತಿದೆ ಇದು.

ಮೇ 14

ಫೋನ್ ಸ್ವಿಚ್ ಆಫ್. ಜಯಣ್ಣನದು ರಿಂಗಾಗುತ್ತದೆ, ಎತ್ತುವುದಿಲ್ಲ.

ಬೆಳಿಗ್ಗೆಯೇ ನಡುಮನೆಯಲ್ಲಿ ನಿಂತು ಇಬ್ಬರಿಗೂ ಹೇಳಿದೆ. ಕಿಶೋರ್ ಸಾರು ಲ್ಯಾಪ್‌ಟಾಪ್ ಮುಚ್ಚಲಿಲ್ಲ. "ನೋಡೋಣ ಪುಟ್ಟಮ್ಮಣ್ಣಿ, ಮಧ್ಯಾಹ್ನ ಮೀಟಿಂಗ್ ಮುಗೀಲಿ" ಅಂದರು.

"ಮಧ್ಯಾಹ್ನ ಅಲ್ಲ ಸಾರ್, ಈಗ" ಅಂದೆ. "ಮಠ ಅಂತ ನಕ್ಕಿದ್ರಲ್ಲ ಅವತ್ತು? ಆ ಮಠದಲ್ಲಿ ಮಗು ಹಸ್ಕೊಂಡಿತ್ತು."

ಮುಖ ಕೆಂಪಾಯಿತು ಅವರಿಗೆ. ಕೃಪಾ ಮೇಡಂ ಗಂಡನ ಕೈಯಿಂದ ಫೋನ್ ತೆಗೆದುಕೊಂಡು ಗುಂಡ್ಲುಪೇಟೆಯ ತಾಲ್ಲೂಕು ಆಫೀಸು, ಸಹಾಯವಾಣಿ ಅಂತ ಒಂದೊಂದಕ್ಕೇ ಹಚ್ಚಿದರು. ಒಂದು ಕಡೆ ಬರೆದುಕೊಂಡರಂತೆ. ಒಂದು ಕಡೆ ಹಾಡು ಬರುತ್ತಲೇ ಇತ್ತು.

"ಅಮ್ಮಣ್ಣಿ, ನೀವು ಮೊದಲು ತಿನ್ನಿ" ಅಂತ ಮೇಡಂ ತಟ್ಟೆ ತಂದಿಟ್ಟರು. ತಿಂದೆ. ಏನು ತಿಂದೆನೋ ತಿಳಿಯಲಿಲ್ಲ.

ಮೇ 16

ಇಲ್ಲ. ಯಾರೂ ಸಿಗಲಿಲ್ಲ. ಕಣ್ಣು ಮುಚ್ಚಿದರೆ ಇಂದು ಸೊಪ್ಪು ಹುಡುಕುತ್ತಾ ಹೊಲದ ಬದುವಿನಲ್ಲಿ ಬಿದ್ದುಬಿಟ್ಟಂತೆ, ಮಗು ಪಕ್ಕದಲ್ಲಿ ಕೂತು ಕರೆಯುತ್ತಿದ್ದಂತೆ ಕಾಣುತ್ತದೆ. ನಮ್ಮ ಊರಿನ ಯಾರ ನಂಬರೂ ನನ್ನ ಹತ್ತಿರ ಯಾಕಿಲ್ಲ? ಎಲ್ಲರ ಮನೆ ಬಾಗಿಲೂ ಗೊತ್ತು. ನಂಬರ್ ಗೊತ್ತಿಲ್ಲ.

ಮೇ 17

ಜಯಣ್ಣ ತಾನಾಗಿ ಫೋನ್ ಮಾಡಿದ! ಕೊಚ್ಚಿ ಪಕ್ಕದ ಆಲುವದ ಹತ್ತಿರ ಗಾಡಿ ತಡೆದು, ಕೆಮ್ಮು ಅಂತ ಅವನನ್ನು ಕೂಡಿಹಾಕಿದ್ದರಂತೆ. ಬೀಡಿ ಕೆಮ್ಮು ಅಂದರೂ ಕೇಳಲಿಲ್ಲವಂತೆ. ಈಗ ಬಿಟ್ಟಿದ್ದಾರೆ, ಬೇಗೂರಿನ ದಾರಿಯಲ್ಲಿದ್ದಾನೆ.

ಎಲ್ಲ ಹೇಳಿದೆ. ನಗಲಿಲ್ಲ ಅವನು.

"ನಿಮ್ ಸಿದ್ದಯ್ಯನಹುಂಡಿಗೆ ಹೊರಗಿನೋರ್ನ ಬುಡಲ್ಲ ಕಣವ್ವ. ರಸ್ತೆಗೆ ಅಡ್ಡ ಮುಳ್ಳು ಕಡ್ದು ಹಾಕವ್ರೆ. ನಾನು ಕೇರಳದಿಂದ ಬಂದೋನು ಅಂತ ಗೊತ್ತಾದ್ರೆ ಕಲ್ಲಲ್ಲೇ ಹೊಡೀತಾರೆ."

"ಹೊಡೀಲಿ, ನೀನು ಹೋಗು" ಅಂದುಬಿಟ್ಟೆ. ನನ್ನ ಬಾಯಲ್ಲಿ ಆ ಮಾತು ಹೇಗೆ ಬಂತೋ.

ಅವನು, "ನೀನು ನಮ್ಮವ್ವನ್ಗಿಂತ ಜೋರಿದ್ದೀಯ" ಅಂದ. "ಆಯ್ತು. ಹೊಲದ ಮೇಲಿಂದ ನಡ್ಕಂಡು ಹೋಯ್ತೀನಿ. ಸಾಮಾನಿಗೆ ಏನಾದ್ರೂ ಕಳ್ಸು."

ಕಿಶೋರ್ ಸಾರು ಕೂತಲ್ಲೇ ಅವನ ಫೋನಿಗೆ ಹಣ ಕಳಿಸಿದರು. ನನ್ನ ಸಂಬಳದಿಂದ ಹಿಡಿದುಕೊಳ್ಳಿ ಅಂದೆ. ಅವರು ತಲೆ ಎತ್ತಲಿಲ್ಲ. "ಊರಿಗೆ ಹಣ ಹೇಗೆ ಕಳಿಸ್ತೀರಿ ಅಂತ ಮೊದಲೇ ಕೇಳ್ಬೇಕಿತ್ತು ನಾನು" ಅಂದರು ಮೆಲ್ಲಗೆ. ನಾವೆಲ್ಲರೂ ಕೇಳಬೇಕಿತ್ತು.

ಮೇ 18, ಸೋಮವಾರ

ಎದ್ದ ಕೂಡಲೇ ಫೋನ್ ಹಿಡಿದು ಕೂತೆ. ಮೇಡಂ ಕೊಟ್ಟ ಎರಡು ಇಡ್ಲಿ ತಿಂದು, ಕಾಫಿ ಕುಡಿದೆ. ಪಾತ್ರೆ ಹಾಗೇ ಬಿದ್ದಿದೆ. ಮಹತಿ ಬಂದು ತೊಡೆಯ ಮೇಲೆ ತಲೆ ಇಟ್ಟು, ಕನ್ನಡದಲ್ಲೇ "ಜೀವಿತಾ ಊಟ ಮಾಡಿದ್ಲಾ?" ಅಂತ ಕೇಳಿತು. ಗೊತ್ತಿಲ್ಲ ಮಗಾ ಅಂದೆ.

ಜಯಣ್ಣ ಈಗ ತಾನೇ ಮಾತಾಡಿದ. ರಾಗಿ ಹಿಟ್ಟು, ಅಕ್ಕಿ, ಹುರುಳಿ, ಎಣ್ಣೆ, ಬೆಲ್ಲ ಎಲ್ಲ ಕಟ್ಟಿಸಿ, ಗಾಡಿಯನ್ನು ಮುಳ್ಳಿನ ಆಚೆ ನಿಲ್ಲಿಸಿ, ಮೂಟೆ ಹೆಗಲಿಗೆ ಹಾಕಿಕೊಂಡು ಹೊಲಕ್ಕೆ ಇಳಿದಿದ್ದಾನೆ. ಏದುಸಿರು ಬಿಡುತ್ತಿದ್ದ. ಮುಂದೆ ಹೋದರೆ ಸಿಗ್ನಲ್ ಇರುವುದಿಲ್ಲ, ಏನು ಹೇಳುವುದಿದ್ದರೂ ಈಗಲೇ ಹೇಳು ಅಂದ. ಹೇಳಿದೆ. ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

"ಜಯಣ್ಣ, ಹಳದಿ ಬಾಗ್ಲು ಮನೆ. ಮೂಟೆ ಜಗಲಿ ಮೇಲೆ ಹಾಕಿ ಬಂದ್ಬಿಡಬ್ಯಾಡ. ಉಂಡ್ರಾ ಅಂತ ಕೇಳ್ಬ್ಯಾಡ, ಕೇಳಿದ್ರೆ ಅವಳು ಒಪ್ಪತ್ತು ಅಂತಾಳೆ. ನೀನು ಒಳಕ್ಕೋಗಿ ಒಲೆ ಮೇಲೆ ಕೈಯಿಟ್ಟು ನೋಡು. ತಣ್ಣಗಿದ್ರೆ ನೀನೇ ಹತ್ಸು. ಅವಳು ಹಿಟ್ಟು ತೊಳಸಿ, ಮಗು ಉಂಡು, ಅವಳೂ ಉಣ್ಣೋವರ್ಗೂ ಅಲ್ಲೇ ಕೂತಿರು, ಯಾರ್ ಏನಂದ್ರೂ ಏಳಬ್ಯಾಡ. ಉಂಡ್ಮೇಲೆ ಹೇಳು, ನಿಮ್ಮತ್ತೆ ಇನ್ಯಾವತ್ತೂ ನಿನ್ನ ಒಪ್ಪತ್ತು ಕೇಳಲ್ಲವಂತೆ ಅಂತ. ಅದಕ್ಕೆ ಅವಳು ಏನಂತಾಳೋ, ಬೈದ್ರೂ ಸರಿ, ಒಂದಕ್ಷರ ಬಿಡದೆ ಹಂಗೇ ನಂಗೆ ತಂದು ಕೊಡಪ್ಪ."